ನನ್ನ ಕೋರಿಕೆಗೆ ನಿನ್ನ ಅನುಮೋದನೆ

ಛಾಂಗ್‌ಶಾ
ಮೇ ೧೪

ಪ್ರೀತಿಯ ಹೈತಾಂಗ್,

ಎದುರು ಫ್ಲ್ಯಾಟಿನಲ್ಲೇ ಇರುವವಳಿಗೆ ಕಾಗದ ಬರೆಯುವುದೇನು ಹುಚ್ಚು ಅಂತ ನಗಬೇಡ. ಫೋನಿನಲ್ಲಿ ಬರೆದರೆ ನಗುವ ಬೆಕ್ಕಿನ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತೀಯ. ನನಗೆ ನಿಜವಾದ ಉತ್ತರ ಬೇಕು.

ದಾಖಲೆ ಕಚೇರಿಯ ಆ ಒಂದೇ ಒಂದು ಸರ್ಕಾರಿ ಹುದ್ದೆಗೆ ಇಬ್ಬರೂ ಒಟ್ಟಿಗೆ ಓದಿದೆವು. ಸಂದರ್ಶನದಲ್ಲಿ ನೀನು ಮೊದಲನೆಯವಳು, ನಾನು ಎರಡನೆಯವಳು. ಅವತ್ತಿನಿಂದ ನಮ್ಮಮ್ಮನದು ಒಂದೇ ರಾಗ: "ಹೈತಾಂಗ್‌ನ ನೋಡಿ ಕಲಿಯೇ! ಅವಳೂ ಅನ್ನಾನೇ ತಿನ್ನೋದು, ನೀನೂ ಅನ್ನಾನೇ ತಿನ್ನೋದು." ಸಾಲದ್ದಕ್ಕೆ ನಿಮ್ಮಮ್ಮ ಲಿಫ್ಟಿನಲ್ಲಿ ಸಿಕ್ಕಿ, "ಬೇಜಾರ್ ಮಾಡ್ಕೋಬೇಡ ಪುಟ್ಟಿ, ಮುಂದಿನ್ ವರ್ಷ ನಿಂದೇ" ಅಂದರು. ಮೈಯೆಲ್ಲ ಉರಿದುಹೋಯಿತು ಕಣೇ.

ತಲೆ ಸಿಡಿಯುತ್ತಿದೆ ಅಂದಾಗ, ಬೌದ್ಧ ಗುಡಿಯಲ್ಲಿ ಮಂತ್ರ ಹೇಳುತ್ತಾ ಕುಟ್ಟುವ ಮರದ ಮೀನು ಇದೆಯಲ್ಲ, ಅದರ ಆ್ಯಪನ್ನು ನನ್ನ ಫೋನಿಗೆ ಹಾಕಿಕೊಟ್ಟವಳು ನೀನೇ. "ಗುಡಿಗೆ ಹೋಗೋಕೆ ಪುರುಸೊತ್ತೆಲ್ಲಿದೆ? ಇದನ್ನೇ ಟಕ್ ಟಕ್ ಅಂತ ಕುಟ್ತಾ ಇರು, ಹಗುರ ಆಗುತ್ತೆ" ಅಂದಿದ್ದೆ. ಕುಟ್ಟಿದೆ. ಬಸ್ಸಿನಲ್ಲಿ ಕುಟ್ಟಿದೆ, ಊಟಕ್ಕೆ ಕೂತು ಕುಟ್ಟಿದೆ. ಒಂದೊಂದು ಏಟಿಗೂ ಪರದೆಯ ಮೇಲೆ ಒಂದೊಂದು ಪುಣ್ಯ! ಕೂಡಿದ ಪುಣ್ಯವನ್ನು ಯಾವುದಾದರೂ ಕೋರಿಕೆಗೆ ಅರ್ಪಿಸಬಹುದಲ್ಲ. ನಾನು ಬರೆದ ಕೋರಿಕೆ ಇದು: "ವೈದ್ಯಕೀಯ ತಪಾಸಣೆಯ ದಿನ ಹೈತಾಂಗ್‌ಗೆ ರಕ್ತದೊತ್ತಡ ಏರಲಿ." ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚಿನ ಆ ತಪಾಸಣೆಯಲ್ಲಿ ನೀನು ಫೇಲಾದರೆ ಹುದ್ದೆ ಎರಡನೆಯವಳಾದ ನನಗೆ ತಾನೇ.

ಅದು ನನ್ನೊಬ್ಬಳಿಗೇ ಕಾಣುತ್ತದೆ ಅಂದುಕೊಂಡಿದ್ದೆ. ಗೆಳತಿಯರಿಗೆಲ್ಲ ಕಾಣುತ್ತದಂತೆ! ನಿನ್ನೆ ತೆರೆದು ನೋಡಿದರೆ ಕೆಳಗೆ ನಿನ್ನ ಹೆಸರು: ಹೈತಾಂಗ್ ಅನುಮೋದಿಸಿದ್ದಾಳೆ. ಇನ್ನೊಬ್ಬರ ಪುಣ್ಯ ಕಂಡು ಸಂತೋಷಪಟ್ಟೆ ಅಂತ ತಿಳಿಸುವ ಗುಂಡಿಯನ್ನು ಒತ್ತಿದ್ದೀಯ.

ಓದದೆ ಒತ್ತಿದೆಯಾ? ಯಾರು ಏನು ಬರೆದರೂ ಕಣ್ಣುಮುಚ್ಚಿ ಒತ್ತುವವಳು ನೀನು. ಇಲ್ಲಾ, ಓದಿಯೇ ಒತ್ತಿದೆಯಾ? ಹಾಗಿದ್ದರೆ ನಿನ್ನ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚು. ಥೂ, ಅದರಲ್ಲೂ ನೀನೇ ಮೊದಲು!

ಬಾಯಿಗೆ ಬಂದ ಹಾಗೆ ಬೈದುಬಿಡು. ಬಾಗಿಲಿಗೆ ಬಂದು ಜಗಳ ಆಡು. ಮಾತು ಮಾತ್ರ ಬಿಡಬೇಡ ಹೈತಾಂಗ್. ನಿನ್ನ ಮೇಲಿನ ಸಿಟ್ಟನ್ನು ಹೇಳಿಕೊಳ್ಳುವುದಕ್ಕೂ ನನಗೆ ನಿನ್ನ ಬಿಟ್ಟರೆ ಬೇರೆ ಯಾರೂ ಇಲ್ಲ.

ನಿನ್ನ ಮೇಲೆ ಉರಿದುಬೀಳುವ,
ನಿನ್ನವಳೇ ಆದ
ಪೇಯ್‌ವೆನ್

ತಾ.ಕ.: ಕೋರಿಕೆಯನ್ನು ಅಳಿಸಿಬಿಟ್ಟೆ ಅಂತ ಬರೆಯೋಣ ಎಂದುಕೊಂಡೆ. ಅಳಿಸಿಲ್ಲ. ನಾಡಿದ್ದು ನಿನ್ನ ತಪಾಸಣೆ ಮುಗಿಯಲಿ, ಆಮೇಲೆ ಅಳಿಸುತ್ತೇನೆ.