ಮೂರನೇ ಚೂರು

ತಿಪಟೂರು, ಮಾರ್ಚ್ 1981

ಲೇ ಷಡಕ್ಷರಿ,

ರೈತರಿಗೆ ಕೊಡೋ ಕೊಬ್ಬರಿ ರೇಟು ಏರಿಸಿ ಏರಿಸಿ ನಿನ್ನ ಮಂಡಿ ಮುಚ್ಚಿಸಿದೆ. ನೀನು ಸತ್ತು, ಮೊನ್ನೆ ನಿನ್ನ ಶಿವಗಣಾರಾಧನೆಯೂ ಮುಗೀತು. ಆದ್ರೂ ನನ್ನ ವ್ಯಾಪಾರಕ್ಕೆ ಅಡ್ಡ ಬರ್ತೀಯಲ್ಲ.

ಇವತ್ತು ದಂಡಿನಶಿವರದ ಮಾಯಣ್ಣ ಮೊದಲ ಸಲ ನನ್ನ ಮಂಡಿಗೆ ಕೊಬ್ಬರಿ ತಂದ. ಎಲ್ಲರಿಗಿಂತ ಜಾಸ್ತಿ ರೇಟು ಹೇಳಿದೆ. ಅವನು ಚೀಲ ಬಿಚ್ಚದೆ ಕೂತೇ ಇದ್ದ.

“ಇನ್ನೇನಪ್ಪ?” ಅಂದೆ.

“ಷಡಕ್ಷರಪ್ಪನೋರು ಮೊದ್ಲು ನಮ್ ಕೊಬ್ರಿ ಒಂದು ಒಡೆದು, ಬೆಲ್ಲದ ಜೊತೆ ನಮ್ಗೂ ಕೊಟ್ಟು ತಾವೂ ತಿನ್ನೋರು. ರೇಟು ಆಮೇಲೆ ಕಣ್ರೀ.”

ನಾವು ಪಾಲುದಾರರಾಗಿದ್ದಾಗ ಇದನ್ನ ದಂಡದ ಕೆಲಸ ಅಂದವನು ನಾನೇ. ಅದಕ್ಕೇ ತಾನೇ ನೀನು ಬೇರೆಯಾಗಿದ್ದು.

ಇವತ್ತು ಬೆಲ್ಲ ತರಿಸಿ ನಾನೇ ಕೊಬ್ಬರಿ ಒಡೆದೆ. ಮಾಯಣ್ಣನಿಗೊಂದು ಚೂರು, ನನಗೊಂದು. ಆಗ ಬೈಕೊಂಡೇ ರೈತನಿಗೆ, ನಿನಗೆ, ನನಗೆ ಅಂತ ಒಡೀತಿದ್ದ ಹಳೇ ಅಭ್ಯಾಸ, ಹಾಳಾದ ಕೈ ಮೂರು ಚೂರು ಮಾಡಿತ್ತು.

ಮೂರನೆಯದಕ್ಕೆ ಇರುವೆ ಮುತ್ತಿದೆ. ಎತ್ತಿ ಬಿಸಾಡೋಕೂ ಬಿಡ್ತಿಲ್ಲವಲ್ಲೋ ನೀನು.