ಎಡಗೈಯ ಖಾಲಿ ಕಮಲ

ಸೊಲಿಹಲ್
೧೪ ನವೆಂಬರ್ ೨೦೦೪

ಮುದ್ದು ಚಿನ್ಮಯಿ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕನ್ನಡ ಓದಲು ಬರುವುದಿಲ್ಲ ಎಂಬ ನೆಪ ಬೇಡ ತಾಯಿ, ಅಡುಗೆಮನೆಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಕಲಿಸಿದವಳು ನಾನೇ.

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇನೆ. ಮೆಟ್ಟಿಲು ಹತ್ತುವುದು ಕಷ್ಟವೆಂದು ಕೆಳಗಿನ ಕೋಣೆಯಲ್ಲೇ ಮಂಚ ಹಾಕಿಸಿದೆ. ಸ್ವಲ್ಪ ಸುಸ್ತು, ಅಷ್ಟೆ. ಊರಿಗೆಲ್ಲ ಔಷಧಿ ಬರೆದುಕೊಟ್ಟ ಡಾಕ್ಟರು ತಮ್ಮ ಮಾತ್ರೆ ನುಂಗಲು ಮಗುವಿನ ಹಾಗೆ ಹಟ ಮಾಡುತ್ತಾರೆ.

ಅವರ ಹಳೆಯ ಪೇಷೆಂಟ್, ಚೀನಾದ ಮಿಸೆಸ್ ಲ್ಯಾಮ್, ನೋಡಲು ಬಂದಿದ್ದರು. ತಮ್ಮ ಅತ್ತೆಯ ಕಾಲದ ಚಿತ್ರವೊಂದರ ಸುರುಳಿ ಬಿಚ್ಚಿ ಮಂಚದೆದುರಿನ ಗೋಡೆಗೆ ತೂಗುಹಾಕಿ ಹೋದರು. ರೇಷ್ಮೆಯ ಮೇಲೆ ಬರೆದ ಬುದ್ಧ. ಕಣ್ಣು ಮುಚ್ಚಿ ಕೂತ ಬುದ್ಧನಲ್ಲ ಕಣೇ, ಕೆಂಪು ವಸ್ತ್ರ ಹೊದ್ದು ಮೋಡದ ಮೇಲೆ ನಿಂತಿದ್ದಾನೆ. ಬಲಗೈ ಕೆಳಗೆ ಚಾಚಿದ್ದಾನೆ, ಅಂಗೈ ನಮ್ಮ ಕಡೆಗೆ. ಥೇಟ್ ನಮ್ಮ ತಿಮ್ಮಪ್ಪನ ಕೈ! ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ? ಅಂದಿನಿಂದ ದೇವರಮನೆಯ ದೀಪವನ್ನು ಅಲ್ಲಿಗೇ ತಂದಿಟ್ಟು, ಇವರು ಬೇಗ ಎದ್ದು ಓಡಾಡುವಂತೆ ಮಾಡಪ್ಪಾ ಎಂದು ಬೇಡುತ್ತಿದ್ದೇನೆ.

ಎಡಗೈಯಲ್ಲಿ ಒಂದು ಕಮಲವಿದೆ, ಅದರ ಮೇಲೆ ಯಾರೂ ಕೂತಿಲ್ಲ. ಲಕ್ಷ್ಮಿಯನ್ನು ಬರೆಯಲು ಮರೆತರೇನೋ ಎಂದೆ. ಅಪ್ಪ ಬಹಳ ದಿನದ ಮೇಲೆ ನಕ್ಕರು. ಚಿನ್ನೂಗೆ ಗೊತ್ತಿರುತ್ತೆ, ಅವಳನ್ನೇ ಕೇಳು ಅಂದು ಮಗ್ಗುಲಾದರು.

ಡಾಕ್ಟರಿಕೆ ಓದುವುದನ್ನು ಬಿಟ್ಟು ಹಳೆಯ ಚಿತ್ರಗಳ ಬಗ್ಗೆ ಓದಲು ನೀನು ಲೀಡ್ಸ್‌ಗೆ ಹೊರಟ ದಿನ, ಚಿತ್ರ ನೋಡಿಕೊಂಡು ಯಾರ ಪ್ರಾಣ ಉಳಿಸ್ತೀಯೇ ಎಂದು ಕೂಗಾಡಿದವರು ಇವರೇ. ನೀನೂ ಕಡಿಮೆಯಿರಲಿಲ್ಲ ಬಿಡು, ಈ ಮನೆಗೆ ಕಾಲಿಡುವುದಿಲ್ಲ ಎಂದು ಹೋದವಳು. ಈಗ ಅಪ್ಪ ಹಗಲೆಲ್ಲ ಆ ಚಿತ್ರವನ್ನೇ ನೋಡುತ್ತ ಮಲಗಿರುತ್ತಾರೆ. ನೋಡಲಾಗದೆ ನಾನು ಅಡುಗೆಮನೆಗೆ ಹೋಗಿ ಅತ್ತು ಬರುತ್ತೇನೆ.

ಆ ಕಮಲ ಯಾರಿಗೆ? ಬರೆದು ತಿಳಿಸು, ಅಪ್ಪನಿಗೆ ಓದಿ ಹೇಳುತ್ತೇನೆ.

ನಿನ್ನ ಅಮ್ಮ,
ವಸುಂಧರಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಿಸೆಸ್ ಲ್ಯಾಮ್ ಮತ್ತೆ ಬಂದರು. ಅವರನ್ನೇ ಕೇಳಿಬಿಟ್ಟೆ. ಅದು ವರ ಕೊಡುವ ಕೈಯಲ್ಲವಂತೆ ಚಿನ್ನೂ. ಸಾಯುವವರನ್ನು ಕರೆದೊಯ್ಯಲು ಬಂದು ನಿಂತಿದ್ದಾನಂತೆ ಆ ಬುದ್ಧ. ಕೈಯಲ್ಲಿರುವ ಕಮಲ, ಹಾಗೆ ಹೊರಟವರು ಕೂರುವುದಕ್ಕಂತೆ. ಅಪ್ಪನಿಗೆ ಇದೆಲ್ಲ ಮೊದಲ ದಿನವೇ ಹೇಳಿದ್ದರಂತೆ. ನನಗೂ ಗೊತ್ತಾಯಿತೆಂದು ನಾನು ಅಪ್ಪನಿಗೆ ಹೇಳಿಲ್ಲ. ಸಂಜೆಯ ದೀಪವನ್ನು ಎಂದಿನಂತೆ ಅಲ್ಲೇ ಹಚ್ಚಿದೆ. ಉತ್ತರ ಬರೆಯುತ್ತ ಕೂರಬೇಡ ಮಗಳೇ, ಕಾಗದ ಸಿಕ್ಕಿದ ಕೂಡಲೇ ರೈಲು ಹತ್ತು.