ಗೋದಲಿಯ ಸಾಲಿನಲ್ಲಿ ನಿಂತದ್ದು

ಪುಟ್ಟಿ,

ಹಾಲು ಕಾಯಿಸಿಟ್ಟಿದ್ದೇನೆ. ದರ್ಜಿಯ ಹತ್ತಿರ ಹೋಗಿ ಪರದೆ ತಂದುಬಿಡು, ನನ್ನನ್ನು ನಾಲ್ಕು ಸಲ ಅಲೆಸಿದ್ದಾನೆ. ಕೇಕಿನ ಒಣಹಣ್ಣು ಅರ್ಧ ಹೆಚ್ಚಿದ್ದೇನೆ, ಉಳಿದದ್ದು ನಿನ್ನ ಪಾಲು.

ಎಂಟು ವರ್ಷ ಕ್ರಿಸ್‌ಮಸ್ ಆರಾಧನೆಯಲ್ಲಿ ಬೈಬಲಿನ ವಾಕ್ಯ ಓದಿದವಳು ನಾನು. ಈ ಸಲ ಪಾಸ್ಟರ್ ನಿನಗೆ ಕೊಟ್ಟರು. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ನಿನ್ನೆ ಅಭ್ಯಾಸದ ಹೊತ್ತಿನಲ್ಲಿ ತಪ್ಪು ಹಿಡಿಯಲೆಂದೇ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ತಾಯಿ ಮಗುವನ್ನು ದನ ಮೇಯುವ ಗೋದಲಿಯಲ್ಲಿ ಮಲಗಿಸುವ ಸಾಲು ಅಲ್ಲಿಗೆ ಮುಗಿಯುವುದಿಲ್ಲ, ಛತ್ರದಲ್ಲಿ ಅವರಿಗೆ ಸ್ಥಳವಿರಲಿಲ್ಲ ಎಂದು ಮುಂದುವರಿಯುತ್ತದೆ; ನೀನು ಮಧ್ಯದಲ್ಲೇ ನಿಲ್ಲಿಸಿಬಿಟ್ಟೆ. ಯಾಕೆ ಎಂದು ಕೇಳಿದರೆ, "ಮಗು ಈಗಷ್ಟೇ ಮಲಗಿತಲ್ಲಕ್ಕಾ, ಎಬ್ಬಿಸೋದು ಬೇಡ ಅನ್ನಿಸ್ತು" ಅಂದೆ.

ನಾನು ಒಂದಕ್ಷರ ತಪ್ಪದೆ ಓದುತ್ತಿದ್ದೆ. ಮಗು ಮಲಗಿದ್ದು ನನಗೆ ಒಮ್ಮೆಯೂ ಕಂಡಿರಲಿಲ್ಲ. ಈ ತಿಂಗಳ ಓಡಾಟದಲ್ಲಿ ನನ್ನ ಮನಸ್ಸು ತಣ್ಣಗಾದದ್ದು ನೀನು ಸುಮ್ಮನೆ ನಿಂತ ಆ ಗಳಿಗೆಯಲ್ಲಿ ಮಾತ್ರ. ಅದಕ್ಕೇ ಈಗ ಹೊಟ್ಟೆಕಿಚ್ಚು ಇನ್ನೂ ಜಾಸ್ತಿ.

"ತಂಗಿಗೆ ಸ್ವಲ್ಪ ತಿದ್ದಿಕೊಡಮ್ಮ" ಎಂದು ಪಾಸ್ಟರ್ ಹೇಳಿದ್ದಾರೆ. ನಾನು ತಿದ್ದುವುದಿಲ್ಲ. ನೀನು ಅಲ್ಲೇ ನಿಲ್ಲು, ಎಷ್ಟು ಹೊತ್ತು ಬೇಕೋ ಅಷ್ಟು. ಯಾರಾದರೂ ಕೆಮ್ಮಿದರೆ ನಾನು ನೋಡಿಕೊಳ್ಳುತ್ತೇನೆ.

ಆದರೆ ಮುಂದಿನ ವರ್ಷ ಓದುವುದು ನಾನೇ.

ಅಕ್ಕ